ಅಕ್ಕ ಪಕ್ಕದಲ್ಲಿ ಕೂತು ಮಾಡಿದ ಲೆಕ್ಕ

ಆಪರೇಷನ್ ಮುಗಿಸಿ ಅಕ್ಕನನ್ನು ಮಂಗಳೂರಿನಿಂದ ನೆಕ್ರಾಜೆಯ ನನ್ನ ಮನೆಗೆ ಕರೆತರುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ನೋವು ಮತ್ತೆ ಶುರುವಾದರೆ ಒಂದು ದಿನವೂ ಕಾಯಬೇಡಿ, ಕರೆತನ್ನಿ. ಅಕ್ಕ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಮಹಾ ಹಟಮಾರಿ. ನಾನು ಕ್ವಾಂಟಂ ಕಂಪ್ಯೂಟರಿನ ದೋಷ ತಿದ್ದುವ ಲೆಕ್ಕದ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಪ್ರಬಂಧ ಒಪ್ಪಿಸಲು ಎರಡು ತಿಂಗಳಿತ್ತು, ನನ್ನ ಪ್ರೋಗ್ರಾಂ ತಪ್ಪು ಉತ್ತರ ಕೊಡುತ್ತಿತ್ತು. ಅಕ್ಕನನ್ನು ನೋಡಿಕೊಳ್ಳುವ ಹೆಸರಿನಲ್ಲಿ ಮನೆಯಲ್ಲೇ ಕೂತು ಅದರ ಜೊತೆ ಗುದ್ದಾಡುತ್ತಿದ್ದೆ.

"ಎಂತ ಮಾರಾಯ್ತಿ ಅದು? ನನಗೂ ಅರ್ಥ ಆಗುವ ಹಾಗೆ ಹೇಳು" ಎಂದಳು ಒಂದು ದಿನ.

ಹೇಳಿದೆ. ಕ್ವಾಂಟಂ ಬಿಟ್ ಬಲು ನಾಜೂಕು. ಅದಕ್ಕೇ ಒಂದರ ಮಾಹಿತಿಯನ್ನು ಏಳರಲ್ಲಿ ಹಂಚಿಡುತ್ತಾರೆ. ಒಳಗೇನಿದೆ ಎಂದು ನೇರವಾಗಿ ನೋಡುವಂತಿಲ್ಲ, ನೋಡಿದರೆ ಕೆಟ್ಟುಹೋಗುತ್ತದೆ. ನಾಲ್ಕು ನಾಲ್ಕರ ಗುಂಪು ಮಾಡಿ ಸಮವೋ ಬೆಸವೋ ಎಂದಷ್ಟೇ ಕೇಳಬಹುದು. ಬೆಸ ಬಂದರೆ ಎಲ್ಲೋ ತಪ್ಪಾಗಿದೆ. ಒಂದು ಗುಂಪಿನ ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಒಳಗಿನ ಮಾಹಿತಿಗೆ ಏನೂ ಆಗದು. ಆದರೆ ಕೆಲವು ಬದಲಾವಣೆಗಳಿಗೆ ಯಾವ ಗುಂಪನ್ನು ಕೇಳಿದರೂ ಸಮ ಎಂದೇ ಉತ್ತರ, ಒಳಗಿನ ಮಾಹಿತಿ ಮಾತ್ರ ಬದಲಾಗಿರುತ್ತದೆ. ನಾವೇ ಬೇಕೆಂದು ಮಾಡಿದರೆ ಅದು ತಾರ್ಕಿಕ ಕ್ರಿಯೆ, ಲೆಕ್ಕ ನಡೆಯುವುದೇ ಅದರಿಂದ. ತಾನಾಗಿ ಆದರೆ ಯಾರಿಗೂ ತಿಳಿಯದ ಕೇಡು. ಅತಿ ಕಡಿಮೆ ಬಿಟ್‌ಗಳನ್ನು ಮುಟ್ಟಿ ಈ ಕ್ರಿಯೆ ಮಾಡುವ ದಾರಿಯನ್ನು ಬೇಗ ಹುಡುಕುವುದು ನನ್ನ ಪ್ರೋಗ್ರಾಮಿನ ಕೆಲಸ. ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ದೊಡ್ಡ ಕೋಡ್‌ಗಳಿಗೆ ಆಯಸ್ಸು ಸಾಲದು. ಏಳರ ಕೋಡಿಗೆ ಮೂರು ಮುಟ್ಟಿದರೆ ಸಾಕೆಂದು ಆ ವಿಷಯ ಓದಿದವರಿಗೆಲ್ಲ ಗೊತ್ತು. ನನ್ನದು ಏಳನ್ನೂ ಮುಟ್ಟು ಎನ್ನುತ್ತಿತ್ತು.

ಅಕ್ಕ ಅಟ್ಟದಿಂದ ಚೆನ್ನೆಮಣೆ ಇಳಿಸಲು ಹೇಳಿದಳು. ಬೀಜ ಹಾಕಿ ಆಡುವ ಹಳೆಯ ಮರದ ಮಣೆ, ಏಳೇಳು ಗುಳಿಗಳ ಎರಡು ಸಾಲು. ಒಂದೊಂದು ಬಿಟ್‌ಗೂ ಎರಡು ಬಗೆಯ ತಪ್ಪು. ಮೇಲಿನ ಸಾಲು ಒಂದಕ್ಕೆ, ಕೆಳಗಿನದು ಇನ್ನೊಂದಕ್ಕೆ. ಹೇಳಿ ಮಾಡಿಸಿದ ಹಾಗಿತ್ತು. ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ಆ ಮಣೆ ಇಳಿಸಬಾರದು ಎಂಬ ಮಾತು ನಮ್ಮಲ್ಲಿದೆ. ನಾನು ನೆನಪಿಸಿದಾಗ ಅಕ್ಕ ನಕ್ಕುಬಿಟ್ಟಳು. ಆದರೆ ನಾನು ಎದುರು ಕೂರಲು ಹೋದಾಗ ತಡೆದಳು.

"ಅಕ್ಕ ತಂಗಿ ಎದುರೆದುರು ಕೂತು ಚೆನ್ನೆ ಆಡ್ಲಿಕ್ಕಿಲ್ಲ. ಪಕ್ಕ ಬಾ."

"ಆಡುವುದೆಲ್ಲಿ ಅಕ್ಕ, ಇದು ಲೆಕ್ಕ ಅಲ್ವಾ?"

"ಎಂತದೇ ಇರ್ಲಿ. ಪಕ್ಕ ಬಾ ಅಂದೆ."

ಗಣಿತದ ಟೀಚರಿಗೂ ಇಂಥದ್ದೆಲ್ಲ ಉಂಟಾ ಎಂದು ಗೇಲಿ ಮಾಡಿ ಪಕ್ಕ ಕೂತೆ. ಆಮೇಲೆ ದಿನಾ ಬೆಳಿಗ್ಗೆ ಹಾಗೆಯೇ. ನಾನು ಪ್ರೋಗ್ರಾಮಿನ ಒಂದೊಂದು ಹೆಜ್ಜೆ ಓದುವುದು, ಅವಳು ಮಂಜೊಟ್ಟಿಯ ಕೆಂಪು ಬೀಜ ಇಡುವುದು. ಒಂದೇ ಗುಳಿಗೆ ಎರಡು ಬಿದ್ದರೆ, ಎರಡು ಸಲ ಬದಲಾದದ್ದು ಬದಲಾಗದ ಹಾಗೆಯೇ ಎಂದು, ಎರಡನ್ನೂ ಎತ್ತಿಬಿಡುವುದು. ನನ್ನ ಕಣ್ಣು ಅವಳ ಕೈಯ ಮೇಲೆ, ಗುಳಿಗಳ ಮೇಲೆ. ನಡುನಡುವೆ ವಿಚಾರಿಸುತ್ತಿದ್ದೆ: ಊಟ ಆಯ್ತಾ? ಮದ್ದು ತೆಗೊಂಡ್ಯಾ? ಜ್ವರ ಇಲ್ಲ ಅಲ್ವಾ? ಎಲ್ಲದಕ್ಕೂ ಸರಿಯಾದ ಉತ್ತರ ಬರುತ್ತಿತ್ತು, ಒಂದೂ ಸುಳ್ಳಲ್ಲ.

ನೋವುಂಟಾ ಎಂದು ಮಾತ್ರ ನಾನು ಕೇಳಲಿಲ್ಲ. ಅಕ್ಕ ತೀರಿಹೋಗಿ ಎರಡು ವರ್ಷವಾಯಿತು. ಕೇಳಲು ಮರೆತುಹೋಯಿತು ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮರೆತಿರಲಿಲ್ಲ. ಹೌದು ಎಂದುಬಿಟ್ಟರೆ ಮಂಗಳೂರಿಗೆ ಹೋಗಬೇಕು, ನನ್ನ ಕೆಲಸ ನಿಲ್ಲುತ್ತದೆ ಎಂಬ ಹೆದರಿಕೆ ಇತ್ತು. ಇಷ್ಟು ಕೀಳಾಗಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ತಪ್ಪು ಸಿಕ್ಕಿದ್ದು ಅವಳಿಗೇ. "ಇಲ್ಲಿ ನೋಡು, ಒಮ್ಮೆ ಬಳಸಿದ ಗುಂಪನ್ನು ನಿನ್ನ ಪ್ರೋಗ್ರಾಂ ಬಿಸಾಡ್ತದೆ. ಅದನ್ನೇ ಈ ಏಳಕ್ಕೆ ಪುನಃ ಸೇರಿಸಿದ್ರೆ ನಾಲ್ಕು ಬೀಜ ಎದ್ದು ಹೋಗ್ತದೆ. ಮೂರು ಉಳೀತದೆ." ನಾನು ಕುಣಿದಾಡಿದೆ. ಒಂದೇ ಸಾಲು ತಿದ್ದಿದೆ, ಉತ್ತರ ಮೂರು ಬಂತು. ಕೂಡಲೇ ದೊಡ್ಡ ಕೋಡಿನ ಲೆಕ್ಕಕ್ಕೆ ಹಚ್ಚಿದೆ. ಅಕ್ಕ ಚಾಪೆಯಿಂದ ಏಳಲು ಹೋದವಳು ಏಳಲಾಗದೆ ಹಾಗೇ ಒರಗಿದಳು.

ಮಂಗಳೂರಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, ಕಡಿಮೆಯೆಂದರೂ ಒಂದು ತಿಂಗಳಿಂದ ನೋವಿದ್ದಿರಬೇಕು, ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲವೇ ಎಂದರು. ಆಗ ನನಗೆ ಹೊಳೆಯಿತು, ಉಳಿದ ಯಾವ ನಂಬಿಕೆಗೂ ಸೊಪ್ಪು ಹಾಕದವಳು ಎದುರು ಕೂರಬಾರದೆಂಬ ಆ ಒಂದನ್ನು ಯಾಕೆ ಹಿಡಿದುಕೊಂಡಳು ಎಂದು. ಉಳಿದ ಹೊತ್ತು ಮುಖ ಕಂಡೀತೆಂದು ಅವಳು ಹೆದರಬೇಕಾದ್ದಿರಲಿಲ್ಲ. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರೆ ತಾನೆ?

ವಾರ್ಡಿನಲ್ಲಿ ಕಣ್ಣು ತೆರೆದವಳು ಮೊದಲು ಕೇಳಿದ್ದು, "ನಿನ್ನ ದೊಡ್ಡ ಲೆಕ್ಕ ಆಯ್ತಾ?"

ಮನೆಯಲ್ಲಿ ಅದು ಇನ್ನೂ ಓಡುತ್ತಲೇ ಇತ್ತು. "ಆಯ್ತು ಅಕ್ಕ" ಎಂದೆ.

"ಹಾಗಾದ್ರೆ ಇನ್ನು ಹೇಳ್ಬಹುದು" ಎಂದು ನನ್ನ ಕೈ ಹಿಡಿದುಕೊಂಡಳು. "ತುಂಬ ನೋವುಂಟು ಮಾರಾಯ್ತಿ."