ಛತ್ತಿನ ಕೆಳಗೊಂದು ಕುರ್ಚಿ

ಯಾರದೇ ಮನೆಗೆ ಹೋದರೂ ಎಲ್ಲರೂ ಮೊದಲು ಮನೆಯವರ ಮುಖ ನೋಡುತ್ತಾರೆ. ನಾನು ಛತ್ತು ನೋಡುತ್ತೇನೆ. ಅವರು ಕೈಮುಗಿದು ‘ಬರ್ರಿ, ಕೂಡ್ರಿ’ ಎನ್ನುವಷ್ಟರಲ್ಲಿ ನನ್ನ ದೃಷ್ಟಿ ಪಂಖದ ಕೊಕ್ಕೆ, ಮೂಲೆಯ ತೇವ, ತೊಲೆಯ ಪಕ್ಕದ ಕೂದಲೆಳೆಯ ಬಿರುಕು ಇವುಗಳ ಸಮೀಕ್ಷೆ ಮುಗಿಸಿ, ಅಪಾಯ ಕಡಿಮೆಯಿರುವ ಕುರ್ಚಿಯನ್ನು ಆರಿಸಿಕೊಂಡಿರುತ್ತದೆ. ಸದಾ ಊರ್ಧ್ವದೃಷ್ಟಿಯಲ್ಲಿರುವ ನನ್ನನ್ನು ಅಧ್ಯಾತ್ಮಜೀವಿ ಎಂದು ತಪ್ಪು ತಿಳಿದವರೂ ಉಂಟು. ಹೆಂಡತಿಗೆ ಮಾತ್ರ ಆ ಭ್ರಮೆಯಿಲ್ಲ. ಕನ್ಯೆ ನೋಡಲು ಹೋದ ದಿನವೂ ನಾನು ಅವಳನ್ನು ಬಿಟ್ಟು ಅವಳ ತಲೆಯ ಮೇಲಿನ ತೊಲೆಯನ್ನೇ ನೋಡುತ್ತಿದ್ದೆನೆಂದು ಬಂದವರಿಗೆಲ್ಲ ಹೇಳುತ್ತಾಳೆ. ಸುಳ್ಳಲ್ಲ. ತೊಲೆಗೆ ಗೆದ್ದಲು ಹಿಡಿದಿತ್ತು.

ವಿಚಿತ್ರವೆಂದರೆ, ಇಂಥ ನನ್ನನ್ನು ಹುಟ್ಟಿಸಿದವರು ಇಂಜಿನಿಯರರು. ಬೀದರ, ಭಾಲ್ಕಿ, ಔರಾದ ಈ ಮೂರು ಊರುಗಳ ನಡುವಿನ ಹಳ್ಳಕೊಳ್ಳಗಳಿಗೆ ಸಣ್ಣ ಸೇತುವೆ, ಹಳ್ಳಿಗಳಿಗೆ ಸಾಲಿಯ ಕೋಣೆ ಕಟ್ಟಿಸುತ್ತಲೇ ನನ್ನಪ್ಪ ನೌಕರಿ ಮುಗಿಸಿದರು. ದೊಡ್ಡ ಅಣೆಕಟ್ಟು ಅವರ ಪಾಲಿಗೆ ಬರಲಿಲ್ಲ, ಬರಲಿಲ್ಲವೆಂಬ ಕೊರಗೂ ಇರಲಿಲ್ಲ. ಅವರಿಗಿದ್ದದ್ದು ಒಂದು ವ್ರತ. ಕಾಂಕ್ರೀಟು ಹಾಕಿದ ಮೇಲೆ ಛತ್ತು ಗಟ್ಟಿಯಾಗುವವರೆಗೆ ಕೆಳಗಿನಿಂದ ಹಲಗೆ ಕೊಟ್ಟು, ಮರದ ಬಲ್ಲಿಗಳನ್ನು ಕಂಬದಂತೆ ನಿಲ್ಲಿಸಿ ಆಧಾರ ಮಾಡಿರುತ್ತಾರಲ್ಲ, ಆ ಸೆಂಟ್ರಿಂಗು ಬಿಚ್ಚುವ ದಿನ ಅಪ್ಪ ಅದರ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂತು ಚಹ ಕುಡಿಯುತ್ತಿದ್ದರು. ಮೇಲೆ ನಿಲ್ಲುವುದೋ ಬೀಳುವುದೋ, ಮೊದಲ ಸುದ್ದಿ ಕಟ್ಟಿಸಿದವನ ತಲೆಗೇ ತಿಳಿಯಲಿ ಎಂಬುದು ಅವರ ನ್ಯಾಯ.

ನಾನು ಚಿಕ್ಕವನಿದ್ದಾಗ ಒಮ್ಮೆ, ಅಂಥದೇ ಬಿಚ್ಚುವ ದಿನ, ಔರಾದ ರಸ್ತೆಯ ಸೇತುವೆಯೊಂದರ ಕೆಳಗೆ ನಮ್ಮನ್ನೂ ಕರೆದೊಯ್ದು ಕೂಡಿಸಿದ್ದರು. ಒಣ ಹಳ್ಳದ ಉಸುಕಿನ ಮೇಲೆ ಚಾದರ ಹಾಸಿ, ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಬಿಚ್ಚುತ್ತ ಅವ್ವ ಹೇಳಿದಳು: “ಮಂದಿ ಗಂಡಂದಿರು ಹೆಂಡರನ್ನ ಹೈದರಾಬಾದ ತೋರ್ಸಲಕ್ಕ ಒಯ್ತಾರ. ನಮ್ಮವರು ನೋಡ್ರಿ, ಮೋರಿ ತೆಳಗ ತಂದು ಕುಂದರ್ಸ್ಯಾರ!” ಅಪ್ಪ ನಕ್ಕರು. ನಾನು ತುತ್ತು ನುಂಗಲಿಲ್ಲ. ಬಾಯಿ ತೆರೆದು ಮೇಲೆ ನೋಡುತ್ತಿದ್ದೆ. ಆ ನೋಟವೇ ಮುಂದೆ ನನ್ನ ಸ್ಥಾಯೀಭಾವವಾಯಿತು.

ಸಹಜವಾಗಿಯೇ ನಾನು ಇಂಜಿನಿಯರ್ ಆಗಲಿಲ್ಲ. ಭಾಲ್ಕಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಸಂಧಿ ಬಿಡಿಸುವುದೊಂದನ್ನುಳಿದು ಬೇರೆ ಯಾವ ಜೋಡಣೆಯನ್ನೂ ಬಿಚ್ಚುವ ಧೈರ್ಯ ನನಗಿಲ್ಲ. ಇದು ಜಗಜ್ಜಾಹೀರಾದದ್ದು ಬೀದರದ ನೌಬಾದದಲ್ಲಿ ಮನೆ ಕಟ್ಟಿಸಿದಾಗ. ಛತ್ತು ಹಾಕಿ ಮೂರು ವಾರವಾದರೆ ಸೆಂಟ್ರಿಂಗು ಬಿಚ್ಚಬಹುದು. ನಾನು ಇನ್ನೊಂದು ವಾರ ಇರಲಿ ಎಂದೆ. ಆಮೇಲೆ ಅಮಾವಾಸ್ಯೆ ಕಳೆಯಲಿ ಎಂದೆ. ಆಮೇಲೆ ಮಳೆ ಬಂತು, ಆಮೇಲೆ ಮಳೆ ನಿಂತಿತು. ಎರಡೂ ನನಗೆ ಕಾರಣಗಳಾಗಿ ಒದಗಿದವು. ಮಿಸ್ತ್ರಿ ಖಾಜಾಮಿಯಾ ತನ್ನ ಬಲ್ಲಿಗಳಿಗಾಗಿ ಬಂದು ಬಂದು ಬೇಸತ್ತು, “ಕ್ಯಾ ಸಾಬ್, ನನ್ನ ಬಲ್ಲಿ ನಿಮ್ಮ ಮನ್ಯಾಗ ಬೇರು ಬಿಟ್ಟಾವೇನ್ರಿ? ಹಣ್ಣು ಬಿಟ್ರ ನೀವು ತಿನ್ರಿ, ಕಟ್ಟಿಗಿ ನನಗ ಕೊಡ್ರಿ,” ಎಂದ. ಕೊನೆಗೆ ಗೃಹಪ್ರವೇಶವೂ ಪಡಸಾಲೆಯ ತುಂಬ ಬಲ್ಲಿಗಳಿರುವಂತೆಯೇ ಜರುಗಿತು. ಬಂದವರು ಅವುಗಳ ನಡುವೆ ಪ್ರದಕ್ಷಿಣೆ ಹಾಕಿದಂತೆ ಓಡಾಡಿ ಉಂಡು ಹೋದರು. ಒಬ್ಬ ಮುದುಕಿಯಂತೂ ಇದೂ ಒಂದು ಪದ್ಧತಿಯಿರಬೇಕೆಂದು ಭಾವಿಸಿ ನಡುವಿನ ಬಲ್ಲಿಗೆ ಕುಂಕುಮ ಹಚ್ಚಿ ನಮಸ್ಕಾರ ಮಾಡಿದಳು.

ಮರುದಿನ ಅಪ್ಪ, ಆಗಲೇ ಎಂಬತ್ತು ದಾಟಿದವರು, ಕೋಲೂರಿಕೊಂಡು ಪಡಸಾಲೆಯ ನಡುವೆ ಬಂದು ಕುರ್ಚಿ ಹಾಕಿಸಿದರು. “ಛಾ ತರ್ರಿ. ಮಿಯಾ, ಬಿಚ್ಚು.” ಮನೆಯ ಯಜಮಾನನಾದ ನಾನು ಗೇಟಿನ ಹೊರಗೆ, ಬರದೇ ಇರುವ ಫೋನಿನಲ್ಲಿ ಮಾತಾಡುತ್ತ ನಿಂತಿದ್ದೆ. ಒಳಗಿನಿಂದ ಅವರ ದನಿ ಕೇಳಿತು: “ಹೊರಗ ಯಾರ್ನ ಕಾಯ್ಲತ್ತಿಯೋ? ಒಳಗ ಬಾ, ಛಾ ಆರ್ತದ.” ಧಡಾರೆಂದು ಹಲಗೆ ಬಿತ್ತು. ನಾನು ರಸ್ತೆಯಲ್ಲೇ ತಲೆ ಬಗ್ಗಿಸಿದೆ. ಛತ್ತು ಇದ್ದಲ್ಲೇ ಇತ್ತು. ಅಪ್ಪನ ಚಹವೂ ತುಳುಕಲಿಲ್ಲ.

ಅಂದು ಸಂಜೆ ಕೇಳಿಯೇಬಿಟ್ಟೆ: “ಅಪ್ಪಾ, ನಿಮಗ ಒಮ್ಮಿಯೂ ಅಂಜಿಕಿ ಬಂದಿಲ್ಲೇನು?”

“ಬರ್ಲಾರ್ದೇನು? ನಾಳಿ ಇದರ ತೆಳಗ ನಾನೇ ಕೂಡಬೇಕಂತ ಗೊತ್ತಿತ್ತಲ್ಲ, ಅದಕ್ಕ ಕಬ್ಬಿಣದ ಸಳಿ ಕಟ್ಟೋವಾಗೇ ಅಂಜ್ತಿದ್ದೆ. ಒಂದೊಂದು ಗಂಟೂ ಜಗ್ಗಿ ನೋಡ್ತಿದ್ದೆ. ನೀ ಎಲ್ಲಾ ಮುಗದ ಮ್ಯಾಲ ಅಂಜ್ತಿ. ಆಗ ಅಂಜಿ ಏನ್ ಮಾಡ್ತಿ ತಮ್ಮಾ?”

ನನ್ನ ಚಿಂತೆ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡಿದ್ದವನಿಗೆ ಅದು ಪಿತ್ರಾರ್ಜಿತ ಆಸ್ತಿಯೆಂದು ಗೊತ್ತಾದದ್ದು ಅಂದೇ. ಅವರು ಅದನ್ನು ಉತ್ತು ಬಿತ್ತಿ ಬೆಳೆ ತೆಗೆದಿದ್ದರು. ನಾನು ಬೀಳು ಬಿಟ್ಟು ಮುಳ್ಳು ಬೆಳೆಸಿದ್ದೆ.

ಅಪ್ಪ ತೊಂಬತ್ತು ದಾಟಿ, ಯಾರಿಗೂ ಹೊರೆಯಾಗದೆ, ಮಧ್ಯಾಹ್ನದ ನಿದ್ದೆಯಲ್ಲೇ ಹೋದರು. ಅವರ ಮಾತೊಂದು ಮಾತ್ರ ಬಾಕಿಯಿತ್ತು. ಭಾತಂಬ್ರಾದ ಶಿವರಾಜಪ್ಪ, ಅಪ್ಪ ಕಟ್ಟಿಸಿದ ಸೇತುವೆಯೊಂದರ ಪಕ್ಕದಲ್ಲೇ ಹೊಲವಿದ್ದವನು, ಕುರಿ ಸಾಕಿ ಸಾಕಿ ಮನೆ ಕಟ್ಟಿಸುತ್ತಿದ್ದ. ಸಾಯುವ ಮುಂಚಿನ ತಿಂಗಳು ಅಪ್ಪ ಅಲ್ಲಿಗೆ ಹೋಗಿ, ಸಳಿ ಕಟ್ಟುವುದನ್ನು ಬಿಸಿಲಲ್ಲಿ ಕೂತು ನೋಡಿ, ಎರಡು ಕಡೆ ಬಿಚ್ಚಿಸಿ ಮತ್ತೆ ಕಟ್ಟಿಸಿ, ಸೆಂಟ್ರಿಂಗು ಬಿಚ್ಚುವ ದಿನ ಬಂದು ಕೂಡುತ್ತೇನೆಂದು ಮಾತು ಕೊಟ್ಟು ಬಂದಿದ್ದರು. ದಿನಕರ್ಮ ಮುಗಿದ ಮೇಲೆ ಶಿವರಾಜಪ್ಪನ ಫೋನು ಬಂತು. “ಸಾಹೇಬ್ರು ಕೂಡ್ತೇನಿ ಅಂದಿದ್ರು. ನಮ್ಮವ್ವ ಯಾರೂ ಕೂಡ್ಲಾರ್ದ ಬಿಚ್ಚಬ್ಯಾಡ ಅಂತಾಳ್ರಿ. ಆ ಮನ್ಯಾಗ ಕಾಲೇ ಇಡಲ್ಲ ಅಂತ ಹಟ ಹಿಡದಾಳ. ನೀವರೆ ಬರ್ರಿ.”

ಬರುವುದಿಲ್ಲವೆನ್ನಲು ನನ್ನಲ್ಲಿ ಕಾರಣಗಳ ದಾಸ್ತಾನೇ ಇತ್ತು. ಆದರೆ ನಾನು ಒಲ್ಲೆನೆಂದರೆ ಬೀಳುವುದು ಅಪ್ಪನ ಮಾತು. ಹೋದೆ.

ಪಡಸಾಲೆಯ ನಡುವೆ ಕುರ್ಚಿ ಹಾಕಿದ್ದರು. ಕೂತೆ. ಅಭ್ಯಾಸಬಲದಿಂದ ಮೇಲೆ ನೋಡಿದೆ. ಮೊದಲ ಬಲ್ಲಿಗೆ ಸುತ್ತಿಗೆಯ ಪೆಟ್ಟು ಬಿತ್ತು, ಹಲಗೆಯೊಂದು ಕಿರುಗುಟ್ಟಿತು. ನನ್ನ ಪ್ರಾಣ ಗಂಟಲಿಗೆ ಬಂದು ಅತ್ತಿತ್ತ ನೋಡತೊಡಗಿದಾಗ, ಅದರ ಜೊತೆ ನಾನೂ ನೋಡಿದೆ. ಶಿವರಾಜಪ್ಪ, ಅವನ ಹೆಂಡತಿ, ಬಾಗಿಲಾಚೆ ನಿಂತ ಮುದುಕಿ, ಒಬ್ಬರೂ ಛತ್ತು ನೋಡುತ್ತಿರಲಿಲ್ಲ. ಮೂವರೂ ನನ್ನ ಮುಖ ನೋಡುತ್ತಿದ್ದರು. ಮನೆ ನಿಲ್ಲುತ್ತದೋ ಇಲ್ಲವೋ ಎಂಬುದು ಅವರ ಪಾಲಿಗೆ ಅಲ್ಲಿ ಬರೆದಿತ್ತು.

ಅಪ್ಪ ಚಹ ಯಾಕೆ ತರಿಸಿಕೊಳ್ಳುತ್ತಿದ್ದರೆಂದು ಆಗ ಹೊಳೆಯಿತು. ಅಂಜಬೇಕಾದಷ್ಟನ್ನು ಮೊದಲೇ ಅಂಜಿ ಮುಗಿಸಿದ ಮುಖಕ್ಕೂ ಆ ಹೊತ್ತಿನಲ್ಲಿ ಒಂದು ಕೆಲಸ ಬೇಕು. ಈ ಛತ್ತಿನ ಮಟ್ಟಿಗೆ ಅವರು ನನ್ನ ಪಾಲಿನದನ್ನೂ ಅಂಜಿ ಹೋಗಿದ್ದರು.

“ಶಿವರಾಜಪ್ಪಾ, ಛಾ ಇಲ್ಲೇನು?” ಎಂದೆ, ದನಿ ನನ್ನದೇ ಎಂದು ನಂಬಲಾಗಲಿಲ್ಲ. ಮುದುಕಿ ನಕ್ಕಳು. “ಇಂವಾ ಸಾಹೇಬ್ರ ಮಗಾನೇ ಹೌದು,” ಎನ್ನುತ್ತ ಹೊಸ್ತಿಲು ದಾಟಿ ತಾನೇ ಕಪ್ಪುಬಸಿ ಹಿಡಿದು ಒಳಗೆ ಬಂದು ನನ್ನ ಕೈಗಿಟ್ಟಳು. ಅಷ್ಟರಲ್ಲಿ ನೆತ್ತಿಯ ಮೇಲಿನ ಹಲಗೆ ಧಡಾರೆಂದು ಪಕ್ಕದಲ್ಲೇ ಬಿತ್ತು. ನಾನು ಮೇಲೆ ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ. ನನ್ನ ಕಪ್ಪಿನ ಚಹ ಮುಕ್ಕಾಲು ಪಾಲು ತುಳುಕಿ ಬಸಿಗೆ ಇಳಿದಿತ್ತು, ನಿಜ. ಆದರೆ ನಮ್ಮ ಬೀದರ ಕಡೆ ಚಹ ಕುಡಿಯುವುದೇ ಬಸಿಯಲ್ಲಿ. ಯಾರಿಗೂ ಸಂಶಯ ಬರಲಿಲ್ಲ.