ಮಕ್ಕಳನ್ನು ತೂಗಲು ಬಂದ ಪದ್ಮಾವತಿ

ಪದ್ಮಾವತಿಯವರು ಯಾವ ಮಗುವನ್ನೂ ಮೊದಲು ಹೆಸರು ಕೇಳುತ್ತಿರಲಿಲ್ಲ. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, "ಬೆಳಿಗ್ಗೆ ಏನು ತಿಂದೆ ಮರಿ?" ಎನ್ನುತ್ತಿದ್ದರು. ಕೆಲವರು ಗಂಜಿ ಎನ್ನುತ್ತಿದ್ದರು, ಕೆಲವರು ರೊಟ್ಟಿ. ಸುಮ್ಮನೆ ನೆಲ ನೋಡುವ ಮಕ್ಕಳೂ ಇದ್ದರು. ಅಂಥವರ ಪಾಲಿಗೆ ‘ಏನೂ ಹೇಳಲಿಲ್ಲ’ ಎಂದು ಬರೆದುಕೊಂಡು, ಆಮೇಲೆ ಹೆಸರು ಕೇಳುವರು.

ಐವತ್ತರ ದಶಕದ ನಡುವಿನ ಮಾತು. ಹೊಸನಗರದ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ನಾನಾಗ ಹಂಗಾಮಿ ಟೀಚರು. ಮೈಸೂರಿನಿಂದ ಬಂದಿದ್ದ ಅವರದು ಡಾಕ್ಟರೇಟಿನ ಸಂಶೋಧನೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಮಕ್ಕಳ ಎತ್ತರ, ತೂಕ, ರಕ್ತ ಪರೀಕ್ಷಿಸಿ, ಅದನ್ನು ಅವರ ಅಂಕಗಳ ಜೊತೆಗಿಟ್ಟು ನೋಡುವುದು. ಯಾವ ಮನೆಯ ಮಕ್ಕಳು ಕಲಿಯುತ್ತಾರೆ, ಯಾವ ಮನೆಯವರು ಹಿಂದೆ ಬೀಳುತ್ತಾರೆ, ಯಾಕೆ ಎಂಬುದು ಅವರ ಪ್ರಶ್ನೆ.

ಮೂವತ್ತೈದು ದಾಟಿದ, ಮದುವೆಯಾಗದ ಹೆಂಗಸು ಒಬ್ಬಳೇ ತಕ್ಕಡಿ ಹಿಡಿದು ತಿರುಗುವುದು ಊರಿಗೆ ಹಿಡಿಸಲಿಲ್ಲ. "ಮಕ್ಕಳನ್ನ ತೂಗಬಾರ್ದು, ಸೊರಗ್ತಾವೆ" ಎಂದು ತಾಯಂದಿರು ಗೊಣಗಿದರು. ಬಾಡಿಗೆಗೆ ಯಾರೂ ಕೋಣೆ ಕೊಡಲಿಲ್ಲ. ಶಾಲೆಯ ಸಾಮಾನಿನ ಕೋಣೆಯಲ್ಲಿ, ಮುರಿದ ಬೆಂಚುಗಳ ಮಧ್ಯೆ ಚಾಪೆ ಹಾಸಿಕೊಂಡರು. ಒಂದು ಮನೆಯವರೂ ಊಟಕ್ಕೆ ಕರೆದದ್ದಿಲ್ಲ. ಸಂಜೆ ನಾನು ಹೊರಟಾಗ, "ಸರೋಜಾ, ಎರಡು ನಿಮಿಷ ಕೂತ್ಕೊಂಡು ಹೋಗಿ" ಎನ್ನುವರು. ಎರಡು ನಿಮಿಷ ಒಂದು ಗಂಟೆಯಾಗುತ್ತಿತ್ತು. ಒಮ್ಮೆ ಹೇಳಿದರು: "ಭಾನುವಾರ ಬರೋದೇ ಬೇಡ ಅನ್ಸುತ್ತೆ. ಇಡೀ ದಿನ ನನ್ನ ದನಿ ನನಗೇ ಕೇಳ್ಸಲ್ಲ."

ನನ್ನ ಎರಡನೇ ತರಗತಿಯಲ್ಲಿ ಗಂಗಿ ಎಂಬ ಹುಡುಗಿಯಿದ್ದಳು. ತಂದೆತಾಯಿ ಪಟೇಲರ ಗದ್ದೆಯ ಆಳುಗಳು. ಅವಳು ಪಾಠ ಶುರುವಾದೊಡನೆ ತೂಕಡಿಸುತ್ತಿದ್ದಳು, ನಾನು ಬೆತ್ತದಿಂದ ಎಬ್ಬಿಸುತ್ತಿದ್ದೆ. ಅದನ್ನು ಕಂಡ ಪದ್ಮಾವತಿಯವರು ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನನಗೆ ತೋರಿಸಿದರು. ಒಳಗೆ ಸುಣ್ಣದ ಹಾಗೆ ಬೆಳ್ಳಗಿತ್ತು.

"ಇದು ನಿದ್ದೆಯಲ್ಲ ಕಣ್ರಿ. ಮೈಯಲ್ಲಿ ರಕ್ತ ಇಲ್ಲ. ಕೊಕ್ಕೆಹುಳ ಇರ್ಬೇಕು. ಬರಿಗಾಲಲ್ಲಿ ಓಡಾಡೋ ಮಕ್ಕಳಿಗೆ ಪಾದದಿಂದಲೇ ಹತ್ತುತ್ತೆ."

ನನ್ನ ಕೈಯ ಬೆತ್ತದ ಬಗ್ಗೆ ಏನೂ ಹೇಳಲಿಲ್ಲ. ತಾವೇ ಗಂಗಿಯನ್ನು ಅವಳ ತಾಯಿಯೊಂದಿಗೆ ಪೇಟೆಯ ಡಾಕ್ಟರ ಬಳಿಗೆ ಕರೆದೊಯ್ದು ಔಷಧಿ ಕೊಡಿಸಿದರು. ಎರಡು ತಿಂಗಳಲ್ಲಿ ಗಂಗಿ ಎಚ್ಚರವಾಗಿ ಕೂರತೊಡಗಿದಳು. ಒಂದು ದಿನ ಎದ್ದುನಿಂತು, ಬೆರಳಿಟ್ಟು, ಒಂದು ಪುಟ ಪೂರ್ತಿ ಓದಿದಳು. ಬಾಗಿಲಲ್ಲಿ ನಿಂತಿದ್ದ ಪದ್ಮಾವತಿಯವರು ಸೆರಗಿನಿಂದ ಮುಖ ಒರೆಸಿಕೊಂಡರು.

ವರ್ಷದ ಕೊನೆಗೆ ಶಾಲಾ ಕಮಿಟಿಯ ಮುಂದೆ ಅವರು ಕಂಡದ್ದನ್ನು ಹೇಳಿದರು. ಹಿಂದೆ ಬಿದ್ದವರಲ್ಲಿ ಹೆಚ್ಚಿನವರು ಆಳುಗಳ ಮಕ್ಕಳು, ಅವರಿಗೆ ಬುದ್ಧಿಯ ಕೊರತೆಯಲ್ಲ, ಊಟ ಮತ್ತು ಔಷಧಿಯ ಕೊರತೆ ಎಂದರು. ಕಮಿಟಿಯ ಅಧ್ಯಕ್ಷರು ಪಟೇಲರೇ.

"ಅಂದ್ರೆ ನಮ್ಮ ಆಳುಗಳ ಹೊಟ್ಟೆಗೆ ನಾವು ಹಾಕಲ್ಲ ಅಂತ್ಲಾ ನಿಮ್ಮ ಮಾತು?"

ಅವರು ಉತ್ತರಿಸುವ ಮೊದಲೇ ಪಟೇಲರು ನನ್ನ ಕಡೆ ತಿರುಗಿದರು. "ಅಕ್ಕೋರೆ, ದಿನಾ ಪಾಠ ಮಾಡೋರು ನೀವು. ಹೇಳಿ, ಆ ಮಕ್ಳು ದಡ್ರು ಹೌದೋ ಅಲ್ವೋ?"

ನನ್ನ ಕೆಲಸ ಕಾಯಂ ಆಗುವುದು ಅವರ ಒಂದು ಮಾತಿನ ಮೇಲಿತ್ತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

"ದಡ್ರೇ. ಹುಟ್ಟಿನಿಂದ ಹಾಗೆ" ಎಂದೆ.

ಪದ್ಮಾವತಿಯವರು ನನ್ನನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಬರೆದುಕೊಂಡರು. ಕೋಣೆ ಖಾಲಿ ಮಾಡಬೇಕೆಂದು ಕಮಿಟಿ ಹೇಳಿತು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ನನಗೆ ಕೆಲಸ ಕಾಯಂ ಆಯಿತು.

ಮುಂದಿನ ವರ್ಷ ತರಬೇತಿಗೆಂದು ತೀರ್ಥಹಳ್ಳಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಬಹಳ ಇಳಿದುಹೋಗಿದ್ದರು. ನನ್ನನ್ನು ಕಂಡೊಡನೆ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.

"ಗಂಗಿ ಹೇಗಿದ್ದಾಳೆ?"

"ಪಾಸಾದ್ಲು. ಮೂರನೇ ಕ್ಲಾಸು."

ಅವರ ಮುಖ ಅರಳಿತು. ಆ ಸಂತೋಷ ನೋಡಲಾಗದೆ, "ಅವತ್ತು ನಾನು ಸುಳ್ಳು ಹೇಳ್ದೆ. ಕೆಲಸ ಹೋಗತ್ತೆ ಅಂತ ಹೆದ್ರಿದ್ದೆ" ಎಂದೆ.

"ಗೊತ್ತು ಸರೋಜಾ."

"ನೀವು ಅದನ್ನ ಬರ್ಕೊಂಡ್ರಿ."

"ಹೌದು. ಪ್ರತಿ ಮಗುವಿನ ಹೆಸರಿನ ಮುಂದೆ ಟೀಚರ ಅಭಿಪ್ರಾಯ ಅಂತ ಒಂದು ಕಾಲಂ ಇದೆ."

"ಈಗ ತಿದ್ದಬಹುದಾ?"

ಅವರು ನನ್ನ ಕೈ ಹಿಡಿದುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ದಿನ ಬರೆದದ್ದನ್ನ ಆಮೇಲೆ ತಿದ್ದಬಾರ್ದು. ತಿದ್ದಿದ್ರೆ ನನ್ನ ಕೆಲಸಕ್ಕೆ ಅರ್ಥ ಇರಲ್ಲ."

ಸಾಗರದ ಬಸ್ಸು ಬಂತು. ತಕ್ಕಡಿ ಹತ್ತಿಸಲು ನಾನೂ ಕೈಜೋಡಿಸಿದೆ. ಮತ್ತೆ ಅವರನ್ನು ನೋಡಲಿಲ್ಲ. ಸಂಶೋಧನೆ ಮುಗಿಯಿತೋ, ಅದನ್ನು ಯಾರಾದರೂ ಓದಿದರೋ ತಿಳಿಯದು. ಎಲ್ಲಾದರೂ ಉಳಿದಿದ್ದರೆ, ಗಂಗಿಯ ಹೆಸರಿನ ಮುಂದೆ ನನ್ನ ಮಾತೂ ಹಾಗೆಯೇ ಇರುತ್ತದೆ.