ನನ್ನ ತೂಕದ ಜೋಳದ ಚೀಲ

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮವರ ಫಟಫಟಿ ಮೋಟಾರ್‌ಸೈಕಲ್ಲು ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ್ದು. ಹಿಂದಿನ ಗಾಲಿಯನ್ನು ನೇರ ಚೌಕಟ್ಟಿಗೇ ಬಿಗಿದಿದ್ದರು, ನಡುವೆ ಸ್ಪ್ರಿಂಗ್ ಎಂಬುದಿಲ್ಲ. ಹಿಂದೆ ಕೂತವರಿಗೆ ಮಡ್‌ಗಾರ್ಡಿನ ಮೇಲೊಂದು ತೆಳು ಗಾದಿ, ಅಷ್ಟೇ. ಹೆಂಡತಿ ಇಲ್ಲದವರು ಮಾಡಿದ ಗಾಡಿ ಎಂದು ನಾನು ಆಗಲೇ ಅಂದಿದ್ದೆ. ಹತ್ತಿ ಖರೀದಿಗೆ ಅವರು ಬಬಲೇಶ್ವರಕ್ಕೆ ಅದರ ಮೇಲೆಯೇ ಹೋಗಿಬರುತ್ತಿದ್ದರು.

ಮೊದಲ ಸಲ ಬಸಿರಾದಾಗ ಅದರ ಮೇಲೆ ಕೂತು ತವರೂರು ತಿಕೋಟಾದಿಂದ ವಿಜಾಪುರಕ್ಕೆ ಬಂದೆ. ಎರಡು ದಿನಕ್ಕೆ ಬಸಿರು ಹೋಯಿತು. "ಆ ಕಬ್ಬಿಣ ನನ್ನ ಮೊಮ್ಮಗನ್ನ ತಿಂತು" ಎಂದು ಅತ್ತೆ ಗಾಡಿಗೆ ಮಣ್ಣು ತೂರಿದರು. ಇಬ್ರಾಹಿಂಪುರದ ನಮ್ಮ ಓಣಿಯೂ ಹಾಗೇ ಅಂದಿತು. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಹಾಲು ತುಪ್ಪ ಕೊಟ್ಟು ಮಲಗಿಸಿದರು.

ನಮ್ಮವರು ದುಃಖ ಬಾಯಿಬಿಟ್ಟು ಹೇಳುವವರಲ್ಲ. ನನಗೆ ಮತ್ತೆ ತಿಂಗಳು ನಿಂತಿತೆಂದು ತಿಳಿದ ವಾರವೇ ಗಾಡಿಯನ್ನು ರೈಲು ಹಳಿಯ ಹತ್ತಿರದ ಮಿಸ್ತ್ರಿಯ ಬಳಿ ಒಯ್ದು, ಚೌಕಟ್ಟಿನ ಹಿಂಭಾಗವನ್ನೇ ಕೊಯ್ಯಿಸಿದರು. ಸೊಲ್ಲಾಪುರದ ಗುಜರಿಯಿಂದ ಬೇರೊಂದು ಗಾಡಿಯ ಭಾಗ ತಂದರು: ಗಾಲಿಯೊಡನೆ ಮೇಲೆ ಕೆಳಗೆ ಆಡುವ ಕಬ್ಬಿಣದ ತೋಳು, ಎರಡು ದಪ್ಪ ಸ್ಪ್ರಿಂಗು. ಅದೆಲ್ಲ ಬೆಸೆದು ಮುಗಿಯುವ ತನಕ ನಾನು ಗಾಡಿ ಹತ್ತಕೂಡದೆಂದು ತಾಕೀತು. ಊರಿಗೆ ಗೊತ್ತಾಗದಂತೆ ಬಸುರಿಗೆ ಉಡಿ ತುಂಬುವ ಕಳ್ಳಕುಬಸಕ್ಕೆ ತಿಕೋಟಾಕ್ಕೆ ಅದರ ಮೇಲೆಯೇ ಕರೆದೊಯ್ಯುತ್ತೇನೆಂಬ ಹಟ ಬೇರೆ.

ಅಲ್ಲಿಯವರೆಗೆ ನನ್ನ ಬದಲು ಕೂತದ್ದು ಜೋಳದ ಚೀಲ. ನನ್ನನ್ನು ಗಿರಣಿಯ ತಕ್ಕಡಿಯಲ್ಲಿ ನಿಲ್ಲಿಸಿ, ಅಷ್ಟೇ ತೂಕದ ಜೋಳ ತುಂಬಿ, ಹಗ್ಗ ಬಿಗಿದು ತೊರವಿ ತನಕ ಓಡಿಸಿಕೊಂಡು ಹೋಗುತ್ತಿದ್ದರು. ಗಿರಣಿಯವನು ನಕ್ಕ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ಆದರೂ ಒಳಗೆ ಹಿಗ್ಗಿತ್ತು. ಮೊದಲು ಸ್ಪ್ರಿಂಗು ಬಿರುಸಾಗಿ ಚೀಲ ಜಿಗಿಜಿಗಿದು ಹರಿಯಿತು. ಮೆತ್ತಗಿನದು ಹಾಕಿದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಓಲಾಡಿತು. ಮಿಸ್ತ್ರಿ ಬೆಸುಗೆಯ ಮೂಲೆಗಳಿಗೆ ದಪ್ಪ ತಗಡು ಕೊಟ್ಟು, ತೋಳಿನ ಕೀಲಿಗೆ ಹಿತ್ತಾಳೆಯ ಬಳೆಯಂಥ ಬುಶ್ ಹಾಕಿದ. ಕೊನೆಗೊಂದು ಸಂಜೆ ನಮ್ಮವರು ಬಂದು, ಚೀಲ ಮಿಸುಕಲೇ ಇಲ್ಲವೆಂದು ಹೇಳಿ ಸಣ್ಣ ಹುಡುಗನಂತೆ ನಕ್ಕರು.

ತಿಕೋಟಾಕ್ಕೆ ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದೆ. ಏನೂ ಎತ್ತಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಸೀರೆ ನೆತ್ತರಲ್ಲಿ ಒದ್ದೆಯಾಯಿತು.

ಅತ್ತೆ ಈ ಸಲ ಗಾಡಿಯ ಕಡೆ ಹೋಗಲಿಲ್ಲ. ನನ್ನ ಹಾಸಿಗೆಯ ಬಳಿ ನಿಂತು ಮಗನನ್ನು ಕೇಳಿದರು: "ಈ ಸಲ ಅಕಿ ಗಾಡಿ ಹತ್ತೇ ಇಲ್ಲಲ್ಲೋ. ಮತ್ತ ಯಾಕ ಹಿಂಗಾತು?"

ಸ್ಪ್ರಿಂಗಿಲ್ಲದ ಆ ಗಾಡಿ ತಪ್ಪನ್ನು ತನ್ನ ಮೇಲೆ ಹೊತ್ತು ನನ್ನನ್ನು ಎಷ್ಟು ಕಾಯ್ದಿತ್ತೆಂದು ಆಗ ತಿಳಿಯಿತು. ಅದನ್ನು ಸರಿಮಾಡಿಸಿದವರ ಮೇಲೆ ಸಿಟ್ಟು ಬಂತು. ನನಗಾಗಿಯೇ ಮಾಡಿಸಿದ್ದರೆಂದು ಗೊತ್ತಿದ್ದೂ ಬಂತು.

ಕೆಲವು ದಿನ ಕಳೆದು ನನ್ನನ್ನು ತವರಿಗೆ ಬಿಡಲು ಹೊರಟರು. ಸುಧಾರಿಸಿದ ಗಾಡಿಯಲ್ಲಿ ನಾನು ಕೂತದ್ದು ಅಂದೇ ಮೊದಲು. ತೊರವಿ ದಾಟಿದ ಮೇಲೆ ರಸ್ತೆ ಎಂಬುದು ಬರೀ ಹೆಸರಿಗೆ. ಒಂದು ಗುಂಡಿಯಾದರೂ ಬಲವಾಗಿ ಬಡಿಯಲಿ, ನಾಲ್ಕು ಜನರೆದುರು ಹೇಳಿಕೊಳ್ಳುವಂತೆ ಬಡಿಯಲಿ ಎಂದು ಕಾದೆ. ಗುಂಡಿಗಳೆಲ್ಲ ಕೆಳಗೇ ಉಳಿದವು.

ತಿಕೋಟಾ ಹತ್ತಿರ ಬಂದಾಗ ಅವರು ಮುಖ ಅರ್ಧ ತಿರುಗಿಸಿ, "ಕುಲುಕತೈತೇನು?" ಎಂದು ಕೇಳಿದರು. ದನಿಯಲ್ಲಿ ಅಷ್ಟೊಂದು ಆಸೆಯಿತ್ತು.

"ಇಲ್ರಿ" ಎಂದೆ.